ಹುಣ್ಣಿಮೆಯಾಚೆಯ ಮೀನುಗಳು

ಕಂಪಲಾಪುರದ ನಮ್ಮ ಕೇಂದ್ರಕ್ಕೆ ಹೊಸದಾಗಿ ಕೆಲಸಕ್ಕೆ ಬರುವವರೆಲ್ಲ ಮೊದಲ ದಿನ ಕೇಳುವುದು ಒಂದೇ ಮಾತು: ‘ಈ ಬರಹವನ್ನು ಯಾರಾದರೂ ಓದಿದ್ದಾರಾ?’ ಇಲ್ಲ, ಯಾರೂ ಓದಿಲ್ಲ. ನಾನು ಇಪ್ಪತ್ತಾರು ವರ್ಷ ಅದನ್ನು ಮರದ ಮೇಲೆ ಕೆತ್ತಿದೆ. ಒಂದು ಅಕ್ಷರವೂ ನನಗೆ ಗೊತ್ತಿಲ್ಲ. ಅದು ಅಕ್ಷರವೋ ಚಿತ್ರವೋ ಹಾಡನ್ನು ನೆನಪಿಸುವ ಗುರುತೋ ಎಂಬುದೇ ತೀರ್ಮಾನವಾಗಿಲ್ಲ. ಆದರೂ ಕೆಲಸ ಬೇಸರವಾಗಲಿಲ್ಲ. ಗೊತ್ತಿಲ್ಲದ್ದರ ಮುಂದೆ ದಿನವೂ ಕೂತು ಬರುವ ಬದುಕು ಎಲ್ಲರಿಗೂ ಸಿಗುವುದಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದರಲ್ಲಿ ತಪ್ಪುಗಳಿರುತ್ತವೆ, ತಿದ್ದಿಕೊಂಡು ಓದಿ. ಈ ಕೆಲಸದಲ್ಲಿ ಕಂಡ ಬೆರಗನ್ನು ಹೇಳಬೇಕು. ಜೊತೆಗೆ, ಇದೇ ಕೆಲಸದಲ್ಲಿ ನನ್ನ ತಂಗಿ ನೂರ್‌ಜಹಾನಳಿಗೆ ನಾನು ಮಾಡಿದ ಅನ್ಯಾಯವನ್ನೂ ಹೇಳಬೇಕು. ಎರಡನ್ನೂ ಬೇರೆ ಮಾಡಿ ಬರೆಯಲು ನನಗೆ ಬರುವುದಿಲ್ಲ.

ನಮ್ಮದು ಹುಣಸೂರು. ಅಪ್ಪ ಮರಗೆಲಸದವರು, ನಾನೂ ಅದನ್ನೇ ಕಲಿತೆ. ಮಂಚದ ಕಾಲು, ಬಾಗಿಲ ಚೌಕಟ್ಟಿನ ಹೂಬಳ್ಳಿ ಕೆತ್ತುವುದರಲ್ಲಿ ನನ್ನ ಕೈಗೆ ಹೆಸರಿತ್ತು. ಒಂದು ದಿನ ಬಿಳಿ ಪಂಚೆಯ, ದಪ್ಪ ಕನ್ನಡಕದ ಹಿರಿಯರೊಬ್ಬರು ಅಂಗಡಿಗೆ ಬಂದು ಹೂವರಸಿ ಮರದ ಹಲಗೆ ಇದೆಯೇ ಎಂದು ಕೇಳಿದರು. ಬೆಳಿಗ್ಗೆ ಹಳದಿ ಹೂ ಬಿಟ್ಟು ಸಂಜೆಗೆ ಅದೇ ಹೂವನ್ನು ಕೆಂಪು ಮಾಡಿ ಉದುರಿಸುವ ಮರ ಅದು. ಮಂಚಕ್ಕೆ ಯಾರೂ ಕೇಳುವುದಿಲ್ಲ.

‘ಅದೇ ಯಾಕೆ ಸಾರ್? ತೇಗ ಇದೆ, ಹೊನ್ನೆ ಇದೆ’ ಎಂದೆ.

‘ನೋಡಪ್ಪಾ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಸಮುದ್ರದ ನಟ್ಟನಡುವೆ ಒಂದು ದ್ವೀಪ ಇದೆ. ರಾಪಾ ನೂಯಿ ಅಂತ. ಅಲ್ಲಿಯವರು ಹಿಂದೆ ಹಲಗೆ ಮೇಲೆ ಏನೋ ಬರೆದಿಟ್ಟಿದ್ದಾರೆ. ಆ ಹಲಗೆಗಳಲ್ಲಿ ಒಂದು ಇದೇ ಮರದ್ದು.’

ನಾನು ಅಂಗಡಿಯ ಹಿಂದಿದ್ದ ಹೂವರಸಿ ತುಂಡನ್ನು ನೋಡಿದೆ. ಅದರ ಮೇಲೆ ಕೋಳಿ ಕೂತಿತ್ತು. ಸಮುದ್ರದ ನಡುವಿನ ಆ ಜನಕ್ಕೂ ನಮ್ಮ ಹಿತ್ತಿಲಿಗೂ ಒಂದೇ ಮರ ಎಂಬುದನ್ನು ಕೇಳಿ, ಕೋಳಿಯನ್ನು ಓಡಿಸಿ ಆ ತುಂಡನ್ನು ಒಳಗೆ ತಂದೆ. ಆ ವಾರವೇ ಅಂಗಡಿ ಬಿಟ್ಟು ಅವರ ಹತ್ತಿರ ಸೇರಿದೆ.

ಅವರನ್ನು ನಾವು ಸಾರ್ ಎಂದೇ ಕರೆಯುತ್ತಿದ್ದೆವು. ಮೈಸೂರಿನ ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಪಂಚಾಂಗ, ಗ್ರಹಣ, ನಕ್ಷತ್ರದ ಲೆಕ್ಕ ಅವರ ಹುಚ್ಚು. ಆ ಹಲಗೆಗಳಲ್ಲಿ ಆಕಾಶದ ಲೆಕ್ಕ ಇರಬೇಕು, ನಕ್ಷತ್ರ ಚಂದ್ರರ ಸ್ಥಾನ ಹಿಡಿದು ಹೋದರೆ ಬರಹದ ಒಂದು ತುದಿಯಾದರೂ ಸಿಕ್ಕೀತು ಎಂದು ಅವರು ನಂಬಿದ್ದರು. ಕಂಪಲಾಪುರದ ತಮ್ಮ ಮನೆಯ ಮುಂಭಾಗದ ಎರಡು ಕೋಣೆಯನ್ನೇ ಕೇಂದ್ರ ಮಾಡಿಕೊಂಡಿದ್ದರು. ಪರದೇಶದ ವಸ್ತುಸಂಗ್ರಹಾಲಯಗಳಿಂದ ಹಲಗೆಗಳ ಫೋಟೊ ತರಿಸುತ್ತಿದ್ದರು. ಅಸಲಿ ಹಲಗೆಗಳು ಎರಡು ಡಜನ್ನಿನಷ್ಟು ಕೂಡ ಉಳಿದಿಲ್ಲವೇನೋ ಎನ್ನುವಷ್ಟು ಕಡಿಮೆ. ಫೋಟೊ ನೋಡಿ ಅದೇ ಅಳತೆಯಲ್ಲಿ ಮರದಲ್ಲಿ ಕೆತ್ತುವುದು ನನ್ನ ಕೆಲಸ.

‘ಫೋಟೊ ಇದೆಯಲ್ಲ ಸಾರ್, ಮರ ಯಾಕೆ?’ ಎಂದು ಕೇಳಿದ್ದೆ.

‘ಕೈಯಲ್ಲಿ ಹಿಡಿದು ತಿರುಗಿಸಿ ಓದೋಕೆ ಮಾಡಿದ್ದು ಅದು. ಗೋಡೆಗೆ ನೇತು ಹಾಕೋಕಲ್ಲ’ ಎಂದರು.

ಅದು ಅರ್ಥವಾಗದೆ ಮೊದಲ ಹಲಗೆಯನ್ನು ಹಾಳು ಮಾಡಿದೆ. ಆ ಬರಹ ಕೆಳಗಿನ ಎಡತುದಿಯಿಂದ ಶುರುವಾಗುತ್ತದೆ. ಸಾಲು ಮುಗಿದಾಗ ಹಲಗೆಯನ್ನು ತಲೆಕೆಳಗು ಮಾಡಬೇಕು, ಆಗ ಮುಂದಿನ ಸಾಲು ನೆಟ್ಟಗಾಗುತ್ತದೆ. ಅದು ಮುಗಿದರೆ ಮತ್ತೆ ತಿರುಗಿಸಬೇಕು. ಹಾಗಾಗಿ ಹಲಗೆಯನ್ನು ಸುಮ್ಮನೆ ಇಟ್ಟು ನೋಡಿದರೆ ಒಂದು ಸಾಲಿನ ಮನುಷ್ಯರು ನಿಂತಿರುತ್ತಾರೆ, ಮೇಲಿನ ಸಾಲಿನವರು ತಲೆಕೆಳಗಾಗಿರುತ್ತಾರೆ. ನಾನು ಫೋಟೊ ಕೆಟ್ಟಿದೆ ಎಂದುಕೊಂಡು ಎಲ್ಲರನ್ನೂ ನೆಟ್ಟಗೆ ನಿಲ್ಲಿಸಿಬಿಟ್ಟಿದ್ದೆ. ಹದಿನೈದು ದಿನದ ಕೆಲಸ. ಸಾರ್ ಹಲಗೆ ತಿರುಗಿಸಿ, ಮತ್ತೆ ತಿರುಗಿಸಿ, ನನ್ನ ಕೈಗೆ ಕೊಟ್ಟರು.

‘ರಜಾಕ್, ಇವರನ್ನೆಲ್ಲ ಎದ್ದು ನಿಲ್ಲಿಸೋಕೆ ನೀನೇನು ಡ್ರಿಲ್ ಮಾಸ್ಟರಾ?’

ಪಕ್ಕದಲ್ಲಿದ್ದ ಪುಟ್ಟಯ್ಯ ಕಿಸಕ್ಕನೆ ನಕ್ಕ. ಪುಟ್ಟಯ್ಯ ಅಂತರಸಂತೆ ಕಡೆಯ ರೈತ, ವಯಸ್ಸಾದ ಮೇಲೆ ಸಾರ್ ಮನೆಯ ತೋಟ ಮತ್ತು ಕಾವಲು ನೋಡಿಕೊಂಡು ಅಲ್ಲೇ ಇದ್ದವನು. ‘ಏನ್ ಸಾಬ್ರೆ, ಮಂಚದ್ ಕಾಲಾದ್ರೆ ಎತ್ತಾಗ್ ತಿರುಗ್ಸುದ್ರೂ ಮಂಚವೇ ಕಣ್ರೀ. ಇದು ಅಂಗಲ್ಲ, ಬುಡಿ’ ಎಂದ.

ಆ ಹಲಗೆಯನ್ನು ಬಹಳ ಕಾಲ ಪುಟ್ಟಯ್ಯ ಕೂರುವ ಮಣೆಯಾಗಿ ಬಳಸಿದ. ನಾನು ಮಾತ್ರ ಕಲಿತದ್ದು ಅರ್ಧವೇ. ನಕಲು ಮಾಡುವವನು ತಿದ್ದಬಾರದು ಎಂಬ ಪಾಠ ಅದರಲ್ಲಿತ್ತು. ನಾನು ಹಲಗೆಯನ್ನು ತಿರುಗಿಸಬೇಕು ಎಂಬುದನ್ನಷ್ಟೇ ಕಲಿತೆ.

ಕೆಲಸದ ಕ್ರಮ ಹೀಗಿತ್ತು. ಫೋಟೊ ಮೇಲೆ ಬಟರ್ ಪೇಪರ್ ಹಾಸಿ ಸೀಸದ ಕಡ್ಡಿಯಲ್ಲಿ ಗೆರೆ ತೆಗೆಯುವುದು, ಅದಕ್ಕೆ ನಕಲು ಎನ್ನುತ್ತಿದ್ದೆವು. ಆ ಕಾಗದವನ್ನು ಮೈದಾ ಅಂಟಿನಿಂದ ಹಲಗೆಗೆ ಅಂಟಿಸಿ, ಕಾಗದದ ಸಮೇತ ಉಳಿಯಿಂದ ಕೊರೆಯುವುದು. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಉಳಿದ ಕಾಗದ ನೆನೆದು ಚೂರುಚೂರಾಗಿ ಕಿತ್ತುಬರುತ್ತದೆ, ಕೆತ್ತನೆ ಮಾತ್ರ ನಿಲ್ಲುತ್ತದೆ. ಕಾರ್ಬನ್ ಹಾಳೆ ಹಾಕಿದರೆ ಜಾರುತ್ತಿತ್ತು, ಆದ್ದರಿಂದ ಈ ದಾರಿ. ಈಗ ಫೋಟೊವನ್ನು ಕಂಪ್ಯೂಟರಿಗೆ ಹಾಕಿದರೆ ಯಂತ್ರವೇ ಕೊರೆದು ಕೊಡುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ನಿಮಗೆ ಅದರಲ್ಲಿ ಒಂದು ಅನುಕೂಲ ಇದೆ. ತಪ್ಪಾದರೆ ಎಲ್ಲಿ ಆಯಿತೆಂದು ಹಿಂದೆ ಹೋಗಿ ನೋಡಬಹುದು. ನಮ್ಮಲ್ಲಿ ಕೆಲಸ ಮುಗಿಯುವ ಹೊತ್ತಿಗೆ ನಕಲು ಎಂಬುದೇ ಇರುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಕಲು ತೆಗೆಯುವುದು ನನಗೆ ಆಗದ ಕೆಲಸ. ಉಳಿ ಹಿಡಿದ ಕೈಗೆ ಸೀಸದ ಕಡ್ಡಿ ಹಗುರ, ಗೆರೆ ನಡುಗುತ್ತಿತ್ತು. ತಂಗಿ ನೂರ್‌ಜಹಾನಳನ್ನು, ನಮ್ಮೆಲ್ಲರ ನೂರಿಯನ್ನು, ಕರೆದುಕೊಂಡು ಬಂದವನು ನಾನೇ. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡು ಅವಳು ನಮ್ಮ ಮನೆಗೆ ಮರಳಿದ್ದಳು. ಅವಳೂ ನನ್ನಷ್ಟೇ ಓದಿದವಳು. ಆದರೆ ಅವಳ ಕಣ್ಣು ಬೇರೆ. ರಂಜಾನ್ ಮುಗಿಯುವ ಇಪ್ಪತ್ತೊಂಬತ್ತನೇ ದಿನ ಸೂರ್ಯ ಮುಳುಗುತ್ತಿದ್ದಂತೆ ನಮ್ಮ ಬೀದಿಯವರೆಲ್ಲ ಮಾಳಿಗೆ ಹತ್ತುತ್ತಾರೆ. ಚಂದ್ರ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ಮೂವತ್ತು ದಿನ ತುಂಬಿಸಬೇಕು. ಪ್ರತಿ ವರ್ಷ ಮೊದಲು ಕಾಣುತ್ತಿದ್ದುದು ನೂರಿಗೆ. ಗಂಡಸರೆಲ್ಲ ಆಕಾಶವನ್ನು ಬಿಟ್ಟು ಅವಳ ಬೆರಳನ್ನು ನೋಡುತ್ತಿದ್ದರು. ‘ತೆಂಗಿನ ಗರಿ ಇದೆಯಲ್ಲ, ಅದರ ತುದಿಯಿಂದ ಎರಡು ಬೆರಳು ಮೇಲೆ’ ಎನ್ನುತ್ತಿದ್ದಳು. ಆಮೇಲೆ ಎಲ್ಲರಿಗೂ ಕಾಣುತ್ತಿತ್ತು.

ಮನೆಯಲ್ಲಿ ನಮ್ಮದು ಉರ್ದು. ಅಲ್ಲಿ ಆಡಿದ ಮಾತನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅವಳು ಬಂದ ಮೇಲೆ ಕೇಂದ್ರಕ್ಕೆ ಕಳೆ ಬಂತು. ಆ ಬರಹದಲ್ಲಿ ಹಕ್ಕಿಗಳಿವೆ, ಹಕ್ಕಿ ತಲೆಯ ಮನುಷ್ಯರಿದ್ದಾರೆ, ಆಮೆ, ಗಿಡ, ಏನೆಂದು ಹೇಳಲಾಗದ ಕೊಕ್ಕೆಗಳಿವೆ. ಒಂದು ಹಕ್ಕಿಯ ರೆಕ್ಕೆ ಇನ್ನೊಂದರಂತೆಯೇ ಇದ್ದರೂ ಕೂದಲೆಳೆಯ ವ್ಯತ್ಯಾಸ ಅವಳಿಗೆ ಸಿಗುತ್ತಿತ್ತು. ‘ಇದನ್ನು ಕೆತ್ತಿದವನು ಎಡಗೈಯವನು ಸಾರ್’ ಎಂದಳೊಮ್ಮೆ. ಸಾರ್ ಬೆರಗಾಗಿ ಭೂತಕನ್ನಡಿ ತಂದರು. ನಿಜವೋ ಸುಳ್ಳೋ ತೀರ್ಮಾನವಾಗಲಿಲ್ಲ, ಆದರೆ ಇಬ್ಬರೂ ಇಡೀ ಮಧ್ಯಾಹ್ನ ಉಳಿ ಹೋದ ದಿಕ್ಕು ಹುಡುಕುತ್ತಾ ಕೂತರು. ಊಟ ತಣ್ಣಗಾಯಿತು.

ಪುಟ್ಟಯ್ಯನಿಗೂ ಈ ಹುಚ್ಚು ಹತ್ತಿತು. ಒಂದು ದಿನ ಸಾರ್, ಆ ಕಡೆಯ ಕೆಲವು ದ್ವೀಪಗಳಲ್ಲಿ ಒಂದು ನಕ್ಷತ್ರದ ಗುಂಪು ಕೆಲವು ವಾರ ಮರೆಯಾಗಿ ಮುಂಜಾನೆ ಮತ್ತೆ ಮೂಡಿದಾಗ ಹೊಸ ವರ್ಷ ಎಣಿಸುತ್ತಾರೆಂದು ಹೇಳಿ ಚಿತ್ರ ಬರೆದು ತೋರಿಸಿದರು.

‘ಅಯ್ಯೋ, ಇದು ನಮ್ ಕೃತ್ತಿಕೆ ಕಣ್ರೀ ಸಾಮಿ!’ ಎಂದ ಪುಟ್ಟಯ್ಯ. ‘ಕೃತ್ತಿಕೆ ಮಳೆ ಉಯ್ಯೋ ವೊತ್ನಲ್ಲಿ ಈ ಗುಂಪು ಕಾಣಾಕಿಲ್ಲ. ಸೂರ್ಯನ್ ಮನೇಲಿ ಕುಂತಿರ್ತವೆ. ಆಮ್ಯಾಕೆ ಬೆಳಗಾನ ಮೂಡ್ಲಾಗೆ ಬತ್ತವೆ. ನಮ್ಮಪ್ಪ ತೋರ್ಸಿದ್ದ.’

ಸಾರ್ ಸೀಸದ ಕಡ್ಡಿ ಕೆಳಗಿಟ್ಟರು. ‘ಇದನ್ನ ಹೇಳೋಕೆ ನನಗೆ ಮೂವತ್ತು ವರ್ಷದ ಗಣಿತ ಬೇಕಾಯ್ತು ಪುಟ್ಟಯ್ಯ’ ಎಂದರು.

‘ನಮ್ಗೆ ಒಂದ್ ಗದ್ದೆ ಸಾಕಾಯ್ತು ಬುಡಿ’ ಎಂದ ಅವನು.

ಇನ್ನು ಚಂದ್ರನ ಹಲಗೆ. ಅದೊಂದೇ ಹಲಗೆಯ ಕೆಲವು ಸಾಲುಗಳು ಚಂದ್ರನ ರಾತ್ರಿಗಳ ಪಟ್ಟಿ ಎಂದು ಬಲ್ಲವರು ಬಹುಪಾಲು ಒಪ್ಪಿದ್ದಾರೆ. ಬೇರೆ ಯಾವುದರ ಬಗ್ಗೆಯೂ ಆ ಒಪ್ಪಿಗೆ ಇಲ್ಲ. ಎಳೆ ಚಂದ್ರನ ಗುರುತು ಸಾಲಾಗಿ ಬರುತ್ತದೆ, ನಡುನಡುವೆ ಬೇರೆ ಗುರುತುಗಳು, ಮಧ್ಯೆ ಹುಣ್ಣಿಮೆ. ಆ ಫೋಟೊ ಬಂದ ದಿನ ನೂರಿ ಒಂದೊಂದೇ ಚಂದ್ರನ ಮೇಲೆ ಬೆರಳಿಟ್ಟು ಎಣಿಸಿದಳು. ಎರಡು ಚಂದ್ರಗಳು ಮಿಕ್ಕವುಗಳ ಲೆಕ್ಕಕ್ಕೆ ಸೇರದೆ ಬೇರೆಯಾಗಿದ್ದವು.

‘ಸಾರ್, ಇವೆರಡು ಇದ್ರೂ ಇರ್ಬೋದು, ಇಲ್ದೇ ಇದ್ರೂ ಇರ್ಬೋದು, ಅಲ್ವಾ?’ ಎಂದಳು.

‘ಯಾಕೆ ಹಂಗಂತೀಯ?’

‘ನಮ್ದೂ ಹಂಗೇ ಸಾರ್. ಚಾಂದ್ ಕಂಡ್ರೆ ಇಪ್ಪತ್ತೊಂಬತ್ತು, ಇಲ್ದಿದ್ರೆ ಮೂವತ್ತು. ಆ ದಿನ ಸಂಜೆ ತನಕ ತಿಂಗಳಿಗೇ ಗೊತ್ತಿರಲ್ಲ ತಾನು ಎಷ್ಟು ದಿನ ಅಂತ. ಅದಕ್ಕೆ ಅವರೂ ಹೆಚ್ಚಿಗೆ ಇಟ್ಕೊಂಡಿದ್ದಾರೆ.’

ಸಾರ್ ಕನ್ನಡಕ ತೆಗೆದರು. ‘ನೂರಿ, ದೊಡ್ಡ ದೊಡ್ಡವರು ಹತ್ತಾರು ಪುಸ್ತಕ ಹುಡುಕಿ ಇದನ್ನೇ ಹೇಳಿದ್ದಾರಮ್ಮ. ನೀನು ಮಾಳಿಗೆ ಮೇಲಿಂದ ಹೇಳಿಬಿಟ್ಟೆ!’ ಒಳಗೆ ಬರೆಯುತ್ತಿದ್ದ ತಮ್ಮ ಶಿಷ್ಯೆ ಸುಮತಿ ಮೇಡಂರನ್ನು ಕೂಗಿ ಕರೆದು, ನೂರಿಯಿಂದ ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿದರು.

ಆ ಸಂಜೆ ಎಲ್ಲರೂ ಅಂಗಳಕ್ಕೆ ಬಂದು ಪಡುವಣದ ಬಿದಿಗೆ ಚಂದ್ರನನ್ನು ನೋಡಿದೆವು. ನಮಗೆ ಅದು ಬಲಕ್ಕೆ ಸ್ವಲ್ಪ ವಾಲಿದ ದೋಣಿ. ಆ ದ್ವೀಪದವರಿಗೆ ಎಡಕ್ಕೆ ವಾಲಿರುತ್ತದೆ ಎಂದು ಸಾರ್ ಹೇಳಿದರು.

‘ಹಂಗಾದ್ರೆ ಅವರು ತಲೆಕೆಳಗಾಗಿ ನಿಂತು ನಮ್ಮ ಚಂದ್ರನ್ನೇ ನೋಡ್ತಾರಾ?’ ಎಂದಳು ನೂರಿ.

‘ಅವರನ್ನ ಕೇಳಿದ್ರೆ ತಲೆಕೆಳಗಿರೋದು ನಾವು ಅಂತಾರೆ’ ಎಂದರು ಸಾರ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಏನೋ ಚುಚ್ಚಿತು. ಸಾರ್ ನನ್ನ ಕೆತ್ತನೆಯನ್ನು ‘ಚೆನ್ನಾಗಿದೆ’ ಎನ್ನುತ್ತಿದ್ದರು. ಯಾರನ್ನೂ ಕರೆದು ತೋರಿಸಿರಲಿಲ್ಲ.

ಆ ಹಲಗೆಯ ನಕಲನ್ನು ನೂರಿ ಒಂದು ತಿಂಗಳು ತೆಗೆದಳು. ನಾನು ಅಂಟಿಸಿ ಕೆತ್ತಲು ಕೂತೆ. ಚಂದ್ರನ ಸಾಲುಗಳಲ್ಲಿ ಅಲ್ಲಲ್ಲಿ ದಾರಕ್ಕೆ ತೂಗಿಬಿಟ್ಟಂತೆ ಒಂದು ಮೀನು ಬರುತ್ತದೆ. ಮೊದಲ ಸಾಲುಗಳಲ್ಲಿ ಮೀನಿನ ತಲೆ ಮೇಲಿತ್ತು. ಕೆತ್ತುತ್ತಾ ಹೋದೆ. ಹುಣ್ಣಿಮೆಯ ಗುರುತು ದಾಟಿದೆ. ಸಾಲು ಮುಗಿಯಿತು, ಹಲಗೆಯನ್ನು ತಿರುಗಿಸಿಕೊಂಡೆ. ಚಂದ್ರ, ಹಕ್ಕಿ, ಮನುಷ್ಯರೆಲ್ಲ ನೆಟ್ಟಗೆ ನಿಂತರು. ಮೀನುಗಳು ಮಾತ್ರ ತಲೆಕೆಳಗೆ.

ನೂರಿ ಮೀನು ಬರೆಯುವಾಗ ಕಾಗದ ತಿರುಗಿಸುವುದನ್ನು ಮರೆತಿದ್ದಾಳೆ ಎಂದುಕೊಂಡೆ. ಅವಳು ಪಕ್ಕದ ಕೋಣೆಯಲ್ಲೇ ಇದ್ದಳು, ಫೋಟೊ ಅವಳ ಮೇಜಿನ ಮೇಲಿತ್ತು. ಎದ್ದು ಹೋಗಿ ನೋಡಿದರೆ ಹತ್ತು ಹೆಜ್ಜೆ. ಹೋಗಲಿಲ್ಲ. ಸಿಕ್ಕಿತು ಇವಳದ್ದೊಂದು ತಪ್ಪು ಎಂಬ ಸಣ್ಣ ಸಂತೋಷವೂ ಆಯಿತು. ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಅವಳ ಗೆರೆಯ ಮೇಲೆಯೇ ಗೀಚಿ, ಹುಣ್ಣಿಮೆಯಾಚೆಯ ಮೀನುಗಳನ್ನೆಲ್ಲ ತಲೆ ಮೇಲಾಗಿ ಕೆತ್ತಿದೆ. ಒದ್ದೆ ಬಟ್ಟೆಯಿಂದ ಒರೆಸಿದೆ. ನಕಲು ಚೂರುಚೂರಾಗಿ ಹೋಯಿತು.

ನಿಜ ಏನೆಂದರೆ ಆ ಮೀನು ಹಾಗೆಯೇ ಇರಬೇಕು. ಚಂದ್ರ ಬೆಳೆಯುವಾಗ ಮೀನಿನ ತಲೆ ಮೇಲೆ, ಹುಣ್ಣಿಮೆ ಕಳೆದು ಕ್ಷೀಣಿಸುವಾಗ ತಲೆ ಕೆಳಗೆ. ಅಷ್ಟು ದೂರದಲ್ಲಿ, ಶಾರ್ಕ್ ಹಲ್ಲಿನಿಂದಲೋ ಚೂಪುಗಲ್ಲಿನಿಂದಲೋ ಮರ ಕೊರೆಯುತ್ತಿದ್ದ ಒಬ್ಬ ಮನುಷ್ಯ, ಶುಕ್ಲ ಕೃಷ್ಣ ಎಂಬ ಎರಡು ಪಕ್ಷಗಳನ್ನು ಒಂದು ಮೀನಿನ ತಲೆಯಲ್ಲಿ ಹೇಳಿಬಿಟ್ಟಿದ್ದ. ಅವನು ಹೇಳಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಅಳಿಸಿದ್ದೆ.

ನಾನು ಆ ಹಲಗೆ ಮುಗಿಸುವ ಕೆಲವು ತಿಂಗಳಲ್ಲೇ ಸಾರ್ ಕಣ್ಣು ತೀರಾ ಮಂಜಾಗಿತ್ತು. ಫೋಟೊ ಕಾಣುತ್ತಿರಲಿಲ್ಲ. ನನ್ನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದಲೇ ಓದುತ್ತಿದ್ದರು. ಸಾಲಿನ ಕೊನೆಗೆ ತಿರುಗಿಸುವುದು, ಮತ್ತೆ ಬೆರಳಾಡಿಸುವುದು. ಮೀನುಗಳೆಲ್ಲ ಒಂದೇ ಥರ ಇವೆಯೆಂದು ನಂಬಿ ಅವು ನಕ್ಷತ್ರದ ಗುರುತಿರಬೇಕೆಂದು ಒಂದು ಲೆಕ್ಕ ಕಟ್ಟಿದರು. ಆರು ತಿಂಗಳು ಅದಕ್ಕೇ ಕೂತರು. ನನ್ನ ಕೈಯನ್ನು ನಂಬಿ ಯಾರೂ ಹಲಗೆಯನ್ನು ಫೋಟೊಗೆ ಹೋಲಿಸಿ ನೋಡಲಿಲ್ಲ. ಮೈಸೂರಿನಲ್ಲಿ ಬಲ್ಲವರ ಸಭೆಯೊಂದರಲ್ಲಿ ಅದನ್ನು ಹೇಳಿದರು. ಹೊರಗಿನಿಂದ ಬಂದಿದ್ದ ಒಬ್ಬರು ಎದ್ದು ಅಸಲಿಯ ಫೋಟೊ ತೋರಿಸಿ, ‘ಹುಣ್ಣಿಮೆ ಆದ ಮೇಲೆ ಮೀನು ತಲೆಕೆಳಗಾಗುತ್ತಲ್ಲ ಸ್ವಾಮಿ, ನೀವು ನೋಡಿಲ್ಲವೇ?’ ಎಂದರಂತೆ. ನೋಡಿಲ್ಲವೇ ಎಂಬ ಮಾತು ಕಣ್ಣು ಕಾಣದವರಿಗೆ. ಇದನ್ನು ಹೇಳಿದ್ದು ಜೊತೆಗೆ ಹೋಗಿದ್ದ ಮೇಡಂ.

ಮಾರನೇ ದಿನ ಬೆಳಿಗ್ಗೆ ಸಾರ್ ಎಲ್ಲರನ್ನೂ ಕರೆದರು. ಮೇಡಂ, ಪುಟ್ಟಯ್ಯ, ನಾನು. ನೂರಿ ಬಾಗಿಲ ಹತ್ತಿರ ನಿಂತಿದ್ದಳು. ಸಾರ್ ಕೂಗಾಡಲಿಲ್ಲ.

‘ಇದು ಎಲ್ಲಿ ಆಯ್ತು?’ ಎಂದಷ್ಟೇ ಕೇಳಿದರು.

ನಾನು ಹೇಳಿದೆ: ‘ನಕಲು ನೂರಿ ತೆಗೆದಿದ್ದು ಸಾರ್.’

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಕಲು ಅವಳೇ ತೆಗೆದಿದ್ದಳು. ಹಾಗಾಗಿಯೇ ಅದನ್ನು ಹೇಳಲು ನನ್ನ ನಾಲಿಗೆ ತೊದಲಲಿಲ್ಲ.

ನೂರಿ ತನ್ನ ಎರಡೂ ಕೈ ನೋಡಿಕೊಂಡಳು. ‘ಇರ್ಬೋದು ಸಾರ್’ ಎಂದಳು. ‘ಕಾಗದ ತಿರುಗಿಸ್ದೆ ಬಿಟ್ಟೆನೋ ಏನೋ. ನಂಗೆ ಸರಿಯಾಗೇ ಬರೆದ ನೆನಪು. ಆದ್ರೆ ಭಾಯಿ ಹೇಳ್ತಿದ್ದಾರೆ ಅಂದ್ಮೇಲೆ ಹಂಗೇ ಆಗಿರ್ಬೇಕು.’

ಪುಟ್ಟಯ್ಯ, ‘ನೂರವ್ವ ಅಂಗೆಲ್ಲ ಮರಿಯಾಕಿಲ್ಲ ಸಾಮಿ’ ಎಂದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ನನಗೆ ಬಿತ್ತು.

ನಕಲಿನ ಕೆಲಸ ಅಂದಿನಿಂದ ಮೇಡಂ ಕೈಗೆ ಹೋಯಿತು. ನಾನು ಇನ್ನೊಂದು ಹಲಗೆ ಕೆತ್ತಿದೆ, ಮೀನುಗಳು ಸರಿಯಾಗಿ ತಿರುಗಿದವು. ಮೊದಲಿನದನ್ನು ಬೀರುವಿನಲ್ಲಿಟ್ಟು ಅದಕ್ಕೊಂದು ಚೀಟಿ ಅಂಟಿಸಿದರು: ‘ನಕಲಿನ ದೋಷದಿಂದ ಮೀನುಗಳು ತಪ್ಪಾಗಿವೆ.’ ಬೀರು ತೆಗೆದಾಗಲೆಲ್ಲ ನಾನು ಅದನ್ನು ಓದಿದ್ದೇನೆ.

ಕೆಲಸ ಹೋಗುತ್ತದೆಂಬ ಭಯಕ್ಕೆ ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಿಜವಲ್ಲ. ಮೊದಲ ಹಲಗೆ ಹಾಳಾದಾಗಲೂ ಸಾರ್ ನನ್ನನ್ನು ಬಿಡಿಸಿರಲಿಲ್ಲ. ಅವಳ ಮಾತನ್ನು ಕೇಳಲು ಮೇಡಂರನ್ನು ಕರೆದಿದ್ದರಲ್ಲ, ಆ ಸಂಜೆ ನನ್ನೊಳಗೆ ಉಳಿದಿತ್ತು.

ನೂರಿ ಅಳಲಿಲ್ಲ, ಜಗಳ ಮಾಡಲಿಲ್ಲ. ಹುಣಸೂರಿನಲ್ಲಿ ಹೊಗೆಸೊಪ್ಪಿನ ಕೆಲಸಕ್ಕೆ ಸೇರಿದಳು. ಗೂಡಿನ ಬಿಸಿಯಲ್ಲಿ ಹದ ಮಾಡಿದ ಎಲೆಯನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವ ಹೆಂಗಸರಿಗೆ ಅಲ್ಲಿ ಮರ್ಯಾದೆ ಹೆಚ್ಚು. ಅವಳ ಕಣ್ಣಿನ ಬಗ್ಗೆ ಕೇಳಿದ್ದ ಮೇಸ್ತ್ರಿ ಅದಕ್ಕೇ ಕರೆದ. ಅವಳು ಒಲ್ಲೆನೆಂದು ಹೊರೆ ಹೊರುವ ಕಡೆ ನಿಂತಳು. ಯಾಕೆಂದು ನಾನು ಕೇಳಲಿಲ್ಲ.

ಆ ವರ್ಷದ ರಂಜಾನಿನಲ್ಲಿ ಎಲ್ಲರೂ ಮಾಳಿಗೆ ಹತ್ತಿದರು. ನೂರಿ ಒಂದು ಕಡೆ ನೋಡಿ ಕೈ ಎತ್ತಿದಳು, ಇಳಿಸಿಬಿಟ್ಟಳು.

‘ಎಲ್ಲಿ ನೂರಿ?’ ಎಂದು ಪಕ್ಕದ ಮನೆಯ ಖಾಲಾ ಕೇಳಿದರು.

‘ಕಂಡ ಹಾಗಾಯ್ತು ಖಾಲಾ. ಬೇಡ, ನನ್ನ ಕಣ್ಣು ನಂಬಬೇಡಿ. ಬೇರೆಯವರು ನೋಡಲಿ’ ಎಂದಳು.

ಸ್ವಲ್ಪ ಹೊತ್ತಿಗೆ ಬೇರೆ ಯಾರಿಗೋ ಕಂಡಿತು. ಅವಳು ಕೈ ಎತ್ತಿದ್ದ ಜಾಗದಲ್ಲೇ ಇತ್ತು. ಮರುವರ್ಷದಿಂದ ಅವಳು ಮೇಲೆ ಬರುವುದನ್ನೇ ಬಿಟ್ಟಳು. ಆ ದಿನ ಹೇಳಬಹುದಿತ್ತು. ಅದರ ಮರುದಿನ ಹೇಳಬಹುದಿತ್ತು. ಇಪ್ಪತ್ತು ವರ್ಷದಲ್ಲಿ ಎಷ್ಟು ದಿನ ಇವೆ ಎಂದು ನನಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಸಾರ್ ತೀರಿಹೋದರು. ಪುಟ್ಟಯ್ಯನೂ ಹೋದ. ಕೇಂದ್ರವನ್ನು ಮೇಡಂ ನಡೆಸಿದರು. ನನ್ನ ಕೆಲಸ ನಿಲ್ಲಲಿಲ್ಲ. ಎಚ್.ಡಿ. ಕೋಟೆ ಕಡೆಯ ವೀರಗಲ್ಲುಗಳ ತಲೆಯ ಮೇಲಿನ ಸೂರ್ಯ ಚಂದ್ರರನ್ನು ಕೆತ್ತಿದೆ, ದ್ವೀಪದ ಇನ್ನೂ ಐದಾರು ಹಲಗೆ ಕೆತ್ತಿದೆ. ಪ್ರತಿ ಸಲವೂ, ಸಾಲಿನ ಕೊನೆಗೆ ಬಂದು ಹಲಗೆ ತಿರುಗಿಸಿದಾಗ ಅಷ್ಟು ಹೊತ್ತು ತಲೆಕೆಳಗಾಗಿದ್ದವರೆಲ್ಲ ಒಮ್ಮೆಗೇ ಎದ್ದು ನಿಲ್ಲುವುದನ್ನು ಕಂಡು ಉಳಿ ಕೆಳಗಿಟ್ಟುಬಿಡುತ್ತಿದ್ದೆ. ಆ ಬೆರಗು ಕೊನೆಯ ದಿನದವರೆಗೂ ಸವೆಯಲಿಲ್ಲ. ಅದನ್ನು ನೋಡಬೇಕಾಗಿದ್ದ ಇನ್ನೊಂದು ಜೊತೆ ಕಣ್ಣು ಹುಣಸೂರಿನಲ್ಲಿ ಹೊರೆ ಹೊರುತ್ತಿತ್ತು.

ಈಚೆಗೆ ನಾನು ನಿವೃತ್ತನಾದೆ. ಮೇಡಂ ಸಣ್ಣ ಸಮಾರಂಭ ಮಾಡಿ ಶಾಲು ಹೊದಿಸಿದರು. ನನ್ನ ಒತ್ತಾಯಕ್ಕೆ ನೂರಿಯೂ ಬಂದು ಎರಡನೇ ಸಾಲಿನಲ್ಲಿ ಕೂತಿದ್ದಳು. ಮೇಡಂ ಮಾತಾಡುತ್ತಾ, ‘ಇಷ್ಟು ವರ್ಷದಲ್ಲಿ ರಜಾಕರ ಹಲಗೆಯಿಂದ ಒಂದೇ ಒಂದು ಸಲ ತೊಂದರೆಯಾಯಿತು, ಅದೂ ಅವರ ತಪ್ಪಲ್ಲ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೂರಿಯೂ ತಟ್ಟಿದಳು.

ಮಾರನೇ ಬೆಳಿಗ್ಗೆ ಅವಳು ಹಿತ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಹತ್ತು ಹೆಜ್ಜೆ ಎದ್ದು ಹೋಗದ್ದು, ಗೆರೆಯ ಮೇಲೆ ಗೀಚಿದ್ದು, ಒರೆಸಿದ್ದು, ಸಾರ್ ಮುಂದೆ ಹೇಳಿದ್ದು. ಅವಳ ಬೆರಳು ಅಕ್ಕಿಯಲ್ಲಿ ನಿಂತಿತು.

‘ಮೀನು ನಾನು ಸರಿಯಾಗಿ ಬರೆದಿದ್ದೆನಾ?’

‘ಎಲ್ಲವನ್ನೂ.’

‘ಕೊನೆಯದ್ದನ್ನೂ?’

‘ಅದನ್ನೂ.’

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ‘ಮೇಸ್ತ್ರಿ ಎಲೆ ಬೇರೆ ಮಾಡೋಕೆ ಕರೆದಾಗ ನಾನು ಯಾಕೆ ಹೋಗಲಿಲ್ಲ ಗೊತ್ತಾ ನಿಂಗೆ?’ ಎಂದಳು.

‘ಗೊತ್ತು.’

‘ಇಲ್ಲ, ಗೊತ್ತಿಲ್ಲ. ಎಲೆ ಕೈಗೆತ್ತಿಕೊಂಡರೆ ಇದು ಹಳದಿಯೋ, ನಂಗೆ ಹಳದಿ ಕಾಣ್ತಾ ಇದೆಯೋ ಅಂತ ಅನುಮಾನ ಬರ್ತಿತ್ತು. ಅಡುಗೆಗೆ ಉಪ್ಪು ಹಾಕಿದ ಮೇಲೂ ಹಾಕಿದೆನಾ ಅಂತ ಅನುಮಾನ ಬರ್ತಿತ್ತು. ಇಪ್ಪತ್ತು ವರ್ಷ, ಭಾಯಿ.’

‘ನೂರಿ, ನನ್ನನ್ನ ಮಾಫ್...’

‘ಅದನ್ನ ಈಗ ಕೇಳಬೇಡ. ಮಾಫ್ ಮಾಡಿದೆ ಅಂದರೆ ನಿಂಗೆ ಹಗುರ ಆಗ್ತದೆ. ನಂಗೇನಾಗ್ತದೆ? ನನ್ನ ಮುಂದೆ ಹೇಳಿದ್ದು ಸಾಲದು. ಎಲ್ಲಿ ಹೇಳಿದ್ದೆಯೋ ಅಲ್ಲಿ ಹೋಗಿ ಹೇಳು.’

ಅಂದೇ ಬಸ್ಸು ಹತ್ತಿ ಕಂಪಲಾಪುರಕ್ಕೆ ಹೋಗಿ ಮೇಡಂಗೆ ಹೇಳಿದೆ. ಅವತ್ತು ಆ ಕೋಣೆಯಲ್ಲಿದ್ದವರಲ್ಲಿ, ನಾನು ನೂರಿ ಬಿಟ್ಟರೆ, ಈಗ ಉಳಿದಿರುವುದು ಅವರೊಬ್ಬರೇ. ಅವರು ಕೋಪಿಸಿಕೊಳ್ಳಲಿಲ್ಲ. ಹಿಂದಿನ ದಿನ ನನಗೆ ಹೊದಿಸಿದ ಶಾಲಿನ ಖಾಲಿ ಪೆಟ್ಟಿಗೆ ಮೇಜಿನ ಮೇಲಿತ್ತು, ಅದನ್ನೇ ನೋಡುತ್ತಾ ಕೂತರು. ‘ನಾನೂ ಅವತ್ತು ಒಂದು ಮಾತು ಕೇಳಲಿಲ್ಲ ರಜಾಕ್’ ಎಂದರು. ನೂರಿಯನ್ನು ಕರೆತರಲು ಹೇಳಿದರು.

ಅವಳು ಒಂದು ವಾರ ಬರಲಿಲ್ಲ. ಬಂದ ದಿನ ಮೇಡಂ ಬಾಗಿಲಿಗೆ ಬಂದು ಕೈ ಹಿಡಿದು ಒಳಗೆ ಕರೆದೊಯ್ದರು. ಎರಡೂ ಹಲಗೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಇಟ್ಟಿದ್ದರು. ಮೊದಲಿನದರ ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದ್ದರು. ನೂರಿ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಮೊದಲ ಪ್ರತಿ. ಮೀನುಗಳು ತಪ್ಪಾಗಿವೆ. ನಕಲು: ನೂರ್‌ಜಹಾನ್. ಕೆತ್ತನೆ: ಅಬ್ದುಲ್ ರಜಾಕ್.’

‘ನನ್ನ ಹೆಸರು ಚೆಂದ ಬರೆದಿದ್ದೀರಿ ಮೇಡಂ’ ಎಂದಳು. ‘ತಪ್ಪು ಯಾರದು ಅಂತ ಎಲ್ಲಿ ಬರೆದಿದೆ?’

ಮೇಡಂ ಸೆರಗಿನಿಂದ ಪೆಟ್ಟಿಗೆಯ ಗಾಜು ಒರೆಸಿದರು. ‘ಅಂಥದ್ದನ್ನೆಲ್ಲ ಚೀಟೀಲಿ ಬರೆಯೋಲ್ಲ ನೂರಮ್ಮ.’

‘ಅವತ್ತು ಬರೆದಿದ್ರಲ್ಲ. ಈಗ ಬರೆಯೋಕೆ ಆಗಲ್ಲ ಅಂದ್ರೆ, ಇನ್ನೆಲ್ಲಿ ಬರೀತಾರೆ?’

ಇಲ್ಲಿ ಬರೆದಿದ್ದೇನೆ. ನಕಲು ಸರಿಯಿತ್ತು. ಹುಣ್ಣಿಮೆಯಾಚೆಯ ಒಂದೊಂದು ಮೀನನ್ನೂ, ಕೊನೆಯದ್ದನ್ನೂ ಸೇರಿಸಿ, ನನ್ನ ತಂಗಿ ನೂರ್‌ಜಹಾನ್ ಇದ್ದ ಹಾಗೆಯೇ ಕಂಡಳು, ಕಂಡ ಹಾಗೆಯೇ ಬರೆದಳು. ಅವುಗಳನ್ನು ತಿರುಗಿಸಿದ ಕೈ ನನ್ನದು.